ಹಳೆಯ ಎಂಜಿಬಿಗೆ ಸೈಡ್ ಪೈಪ್: ಎರಡು ಬೇಡ, ಒಂದು ಸಾಕು

ಪ್ರಶ್ನೆ: ನನ್ನಲ್ಲಿ 1969ರ ಎಂಜಿಬಿ ರೋಡ್‌ಸ್ಟರ್ (ಬ್ರಿಟನ್ನಿನ ತೆರೆದ ಕಾರು) ಇದೆ. ಬಲಗಡೆ ಸ್ಟಿಯರಿಂಗ್, 1798 ಸಿಸಿ ಎಂಜಿನ್, ಜೋಡಿ ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್. ಹಿಂದಿನ ಸೈಲೆನ್ಸರ್ ತುಕ್ಕು ಹಿಡಿದು ಉದುರುತ್ತಿದೆ. ಹೇಗೂ ಬದಲಿಸಬೇಕಲ್ಲ, ಹಳೆಯ ಕೋಬ್ರಾ, ಕಾರ್ವೆಟ್ ಕಾರುಗಳಲ್ಲಿ ಇರುವ ಹಾಗೆ ಎರಡೂ ಬದಿಗೆ ಸೈಡ್ ಪೈಪ್ (ಬಾಗಿಲಿನ ಕೆಳಗೆ ಹೊರಗೆ ಕಾಣುವ ಹೊಗೆ ಪೈಪ್) ಮಾಡಿಸುವ ಆಸೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಇಲ್ಲೇ ಮಾಡಿಸಬಹುದೆ? ಎಷ್ಟು ದಪ್ಪದ ಪೈಪ್ ಬೇಕು? ಬಿಸಿ, ಸದ್ದು, ಆರ್‌ಟಿಒ ವಿಷಯ ಏನು?
(ಓದುಗರು, ಉಡುಪಿ)

ಉತ್ತರ: ಮಾಡಿಸಬಹುದು. ಆದರೆ ಒಂದೇ ಪೈಪ್, ಅದೂ ಎಡಬದಿಗೆ. ಕಾರಿನ ಮೈಗೆ ಒಂದು ತೂತೂ ಕೊರೆಯದೆ, ಒಂದು ತಗಡೂ ಕತ್ತರಿಸದೆ, ಬೇಡ ಅನ್ನಿಸಿದ ದಿನ ಬಿಚ್ಚಿ ಹಳೆಯ ನಮೂನೆಯದನ್ನೇ ಮತ್ತೆ ಕೂರಿಸುವ ಹಾಗೆ ಮಾಡಿಸಬೇಕು.

ಕಾರ್ವೆಟ್‌ಗೆ 1965ರಲ್ಲಿ ಕಂಪನಿಯೇ ಸೈಡ್ ಪೈಪನ್ನು ಆಯ್ಕೆಯಾಗಿ ಕೊಟ್ಟಿತ್ತು. ಆ ಕಾರೂ ಕೋಬ್ರಾವೂ ವಿ8 ಎಂಜಿನಿನವು. ನಾಲ್ಕು ಸಿಲಿಂಡರಿನ ಹೊಗೆ ಎಡಕ್ಕೆ ಬರುತ್ತದೆ, ಇನ್ನು ನಾಲ್ಕರದ್ದು ಬಲಕ್ಕೆ. ಎರಡು ಪೈಪ್ ಅಲ್ಲಿ ಸಹಜ. ನಿಮ್ಮದು ಸಾಲಾಗಿ ನಾಲ್ಕು ಸಿಲಿಂಡರ್. ನಿಮ್ಮ ಈ ಬಿ ಸೀರೀಸ್ ಎಂಜಿನಿನಲ್ಲಿ ಕಾರ್ಬ್ಯುರೇಟರೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ (ಸಿಲಿಂಡರುಗಳ ಹೊಗೆಯನ್ನು ಕೂಡಿಸುವ ಕೊಳವೆ) ಎಡಗಡೆಗೇ ಇವೆ. ಬಲಕ್ಕೆ ಇನ್ನೊಂದು ಪೈಪ್ ಒಯ್ಯಬೇಕಾದರೆ ಅದು ಗೇರ್‌ಬಾಕ್ಸಿನ ಅಡಿಯಲ್ಲಿ ಅಡ್ಡ ಹಾಯಬೇಕು. ಈ ಕಾರಿನ ಗ್ರೌಂಡ್ ಕ್ಲಿಯರೆನ್ಸ್ ಇರುವುದೇ ಸುಮಾರು 5 ಇಂಚು. ಅಲ್ಲಿ ಒಂದು ಪೈಪ್ ತೂಗಿಬಿಟ್ಟರೆ ಮೊದಲ ಹಂಪಿನಲ್ಲೇ ಅದು ನೆಲಕ್ಕೆ ಉಜ್ಜುತ್ತದೆ. ಬಲಗಡೆಗೆ ಹೊಗೆ ಬಾರದ ಖಾಲಿ ಪೈಪ್ ಕಟ್ಟುವವರೂ ಇದ್ದಾರೆ. ಅದು ಬರೀ ಭಾರ, ಮಳೆಗಾಲದಲ್ಲಿ ಕೆಸರು ಹಿಡಿಯುವ ಜಾಗ. ಒಳ್ಳೆಯ ಕಾರಿಗೆ ಸುಳ್ಳು ಪೈಪ್ ಬೇಡ.

ಮೊದಲು ಕಾನೂನಿನ ಮಾತು ಮುಗಿಸೋಣ. ಪೈಪ್ ಕತ್ತರಿಸಿದ ಮೇಲೆ ಅದನ್ನು ಯೋಚಿಸಿದರೆ ಪ್ರಯೋಜನವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷ ಸೇರಿದ 182ಎ(4) ಸೆಕ್ಷನ್‌ನಲ್ಲಿ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ ಇದೆ. ಇನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೊಗೆ ಕೆಳಮುಖವಾಗಿಯೂ ಹೋಗಬಾರದು, ವಾಹನದ ಎಡಕ್ಕೂ ಹೋಗಬಾರದು ಎನ್ನುತ್ತವೆ. ನಮ್ಮಲ್ಲಿ ಎಡ ಎಂದರೆ ಜನ ನಡೆಯುವ, ಬಸ್ಸಿಗೆ ಕಾಯುವ ಬದಿ. ಹಾಗಾಗಿ ಪೈಪ್ ಎಡದಲ್ಲಿ ಹಾದರೂ ಅದರ ಬಾಯಿ ಹಿಂದಕ್ಕೇ ಇರಬೇಕು. ಕೋಬ್ರಾದ ಹಾಗೆ ಹೊರಕ್ಕೆ ತಿರುಗಿಸಿ ಕೊಯ್ದ ಬಾಯಿ ಇಲ್ಲಿ ಕೂಡದು.

ನಿಮ್ಮ ಕಾರಿಗೆ 50 ವರ್ಷ ದಾಟಿದೆ. 2021ರ ವಿಂಟೇಜ್ ನಿಯಮದಡಿ 'ವಿಎ' ಸರಣಿಯ ನೋಂದಣಿ ಮಾಡಿಸುವ ಯೋಚನೆ ಇದ್ದರೆ ಕಾರು ಮೂಲರೂಪದಲ್ಲೇ ಇರಬೇಕು; ಚಾಸಿಸ್, ಬಾಡಿ ಶೆಲ್, ಎಂಜಿನ್ ಯಾವುದನ್ನೂ ಬದಲಿಸಿರಬಾರದು. ಮೈಗೆ ಕತ್ತರಿ ಹಾಕಬೇಡಿ ಎನ್ನುವುದು ಮುಖ್ಯವಾಗಿ ಇದಕ್ಕೇ. ವಿದೇಶದಲ್ಲಿ ವಿ8 ಎಂಜಿನ್ ಹಾಕಿದ ಎಂಜಿಬಿಗಳಲ್ಲಿ ಮುಂಚಕ್ರದ ಒಳಮಡ್‌ಗಾರ್ಡಿಗೆ ತೂತು ಕೊಯ್ದು ಪೈಪ್ ಹೊರತೆಗೆಯುವ ಪದ್ಧತಿ ಇದೆ. ನೋಡಲು ಚೆಂದ, ಜಾಗವೂ ಸಿಗುತ್ತದೆ. ಆದರೂ ನಿಮ್ಮ ಕಾರಿಗೆ ಅದು ಬೇಡ. ಕೆಲಸ ಶುರು ಮಾಡುವ ಮೊದಲು ಪೈಪಿನ ದಾರಿ, ಬಾಯಿಯ ದಿಕ್ಕು ಎರಡನ್ನೂ ಕಾಗದದಲ್ಲಿ ಬರೆದು ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರಿಗೆ ತೋರಿಸಿ, ಅವರ ಉತ್ತರವನ್ನು ಲಿಖಿತವಾಗಿ ಪಡೆಯಿರಿ. ಆಗದು ಎಂದರೆ ಹಳೆಯ ದಾರಿಯಲ್ಲೇ, ಹಿಂದಕ್ಕೆ ಹೋಗುವ ಸ್ಟೇನ್‌ಲೆಸ್ ಸೈಲೆನ್ಸರ್ ಮಾಡಿಸಿಕೊಳ್ಳಿ. ಕೆಳಗೆ ಹೇಳುವ ಲೋಹ, ವೆಲ್ಡಿಂಗ್ ವಿಷಯಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ.

ಈಗ ಪೈಪಿನ ಅಳತೆ. ಎಂಜಿಬಿಗೆ ಮೂಲತಃ ಇದ್ದದ್ದು 1¾ ಇಂಚಿನದು. ನೀವು 2 ಇಂಚಿಗೆ, ಅಂದರೆ 50.8 ಮಿ.ಮೀ.ಗೆ ಹೋಗಬಹುದು, ಅದಕ್ಕಿಂತ ಮೇಲೆ ಬೇಡ. ಎರಡೂವರೆ ಇಂಚು ಹಾಕಿ, ಗಾಡಿ ಹಾರುತ್ತದೆ ಎನ್ನುವ ಗ್ಯಾರೇಜಿನವರ ಮಾತು ಕೇಳಬೇಡಿ. 1.5 ಮಿ.ಮೀ. ಗೋಡೆಯ ಎರಡೂವರೆ ಇಂಚು ಪೈಪಿನ ಒಳಗಿನ ಜಾಗ ಎರಡು ಇಂಚಿನದಕ್ಕಿಂತ ಸುಮಾರು ಶೇ. 60 ಹೆಚ್ಚು. 95 ಕುದುರೆಶಕ್ತಿಯ ಎಂಜಿನ್ ಬಿಡುವ ಹೊಗೆಗೆ ಅಷ್ಟು ಜಾಗ ಕೊಟ್ಟರೆ ಅದರ ವೇಗ ಕುಸಿಯುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಎಳೆತ ಸಾಯುತ್ತದೆ, ಸದ್ದು ಮಾತ್ರ ಹೆಚ್ಚುತ್ತದೆ. ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಕಾರು ಎರಡಕ್ಕೆ ಇಳಿಯಬೇಕಾಗುತ್ತದೆ.

ಮ್ಯಾನಿಫೋಲ್ಡನ್ನು ಬದಲಿಸಬೇಡಿ. ಎಂಜಿಬಿಯ ಬೀಡು ಕಬ್ಬಿಣದ ಮ್ಯಾನಿಫೋಲ್ಡ್ ಆ ಕಾಲಕ್ಕೆ ಬಹಳ ಚೆನ್ನಾಗಿ ಮಾಡಿದ್ದು. ಪೈಪುಗಳಿಂದ ಕಟ್ಟಿದ ಹೆಡರ್ ಹಾಕಿದರೆ ಅದರ ಬಿಸಿ ನೇರ ಮೇಲಿರುವ ಕಾರ್ಬ್ಯುರೇಟರಿಗೆ ಬಡಿಯುತ್ತದೆ. ಕರಾವಳಿಯ ಏಪ್ರಿಲ್ ಮಧ್ಯಾಹ್ನ ಸಿಗ್ನಲ್ಲಿನಲ್ಲಿ ನಿಂತಾಗ ಫ್ಲೋಟ್ ಬೌಲಿನಲ್ಲೇ (ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ಕುದಿಯುತ್ತದೆ. ಮ್ಯಾನಿಫೋಲ್ಡಿನಿಂದ ಇಳಿಯುವ ಎರಡು ಕಾಲಿನ ಡೌನ್‌ಪೈಪ್ ಗಟ್ಟಿಯಿದ್ದರೆ ಅದನ್ನೂ ಉಳಿಸಿಕೊಂಡು, ಎರಡು ಕಾಲು ಕೂಡಿದ ಜಾಗದ ನಂತರ ಹೊಸದನ್ನು ಜೋಡಿಸಿ. ಅದನ್ನು ಹಿಡಿದಿರುವ ಆರು ಹಿತ್ತಾಳೆ ನಟ್ಟುಗಳನ್ನು ಹೊಸದು ಹಾಕಿ. ಕಬ್ಬಿಣದ ನಟ್ಟು ಹಾಕಿದರೆ ಮುಂದಿನ ಸಲ ನಟ್ಟಿನ ಜೊತೆ ಸ್ಟಡ್ಡೂ ಮುರಿದು ಕೈಗೆ ಬರುತ್ತದೆ.

ಈ ಕೆಲಸದ ಕಷ್ಟವೆಲ್ಲ ಇರುವುದು ಒಂದೇ ಜಾಗದಲ್ಲಿ. ಡೌನ್‌ಪೈಪ್ ಇಳಿಯುವುದು ಗೇರ್‌ಬಾಕ್ಸ್ ಮತ್ತು ಎಡಗಡೆಯ ಚಾಸಿಸ್ ರೈಲಿನ ನಡುವೆ. ಅಲ್ಲಿಂದ ಬದಿಗೆ ಬರಬೇಕಾದರೆ ಪೈಪ್ ರೈಲಿನ ಅಡಿಯಿಂದ ನುಸುಳಬೇಕು. ದುಂಡು ಪೈಪ್ ಹಾಗೇ ಹಾಕಿದರೆ 51 ಮಿ.ಮೀ. ಎತ್ತರ ತಿನ್ನುತ್ತದೆ. ಅದನ್ನು ಆ 250 ಮಿ.ಮೀ. ಉದ್ದಕ್ಕೆ ಮಾತ್ರ ಅಂಡಾಕಾರಕ್ಕೆ ಒತ್ತಿಸಿ, 38 ಮಿ.ಮೀ. ಎತ್ತರಕ್ಕೆ ಇಳಿಸಿ. ಅಗಲ ತಾನಾಗಿ 58 ಮಿ.ಮೀ. ಆಗುತ್ತದೆ. ಒಳಗಿನ ಜಾಗ ಕಳೆದುಕೊಳ್ಳುವುದು ಸುಮಾರು ಶೇ. 7 ಅಷ್ಟೇ, ಎಂಜಿನ್ನಿಗೆ ಗೊತ್ತೇ ಆಗುವುದಿಲ್ಲ. ಗಳಿಸುವುದು 13 ಮಿ.ಮೀ., ಈ ಕಾರಿಗೆ ಅದು ದೊಡ್ಡದು.

ಒತ್ತುವ ವಿಧಾನ ಹೀಗೆ: ಪೈಪಿನ ಒಂದು ತುದಿಗೆ ಮರದ ಬಿರಡೆ ಬಡಿದು, ಒಣಗಿದ ನುಣ್ಣನೆ ಮರಳು ತುಂಬಿ. ಪೈಪನ್ನು ನಿಲ್ಲಿಸಿ ಮರದ ಸುತ್ತಿಗೆಯಿಂದ ಹೊರಗೆ ತಟ್ಟುತ್ತಾ ಹೋದರೆ ಮರಳು ಕುಸಿಯುತ್ತದೆ. ಮತ್ತೆ ತುಂಬಿ, ಮತ್ತೆ ತಟ್ಟಿ. ಇನ್ನು ಕುಸಿಯದು ಎಂದಾದ ಮೇಲೆ ಇನ್ನೊಂದು ಬಿರಡೆ ಹಾಕಿ ಎರಡು ದಪ್ಪ ಹಲಗೆಗಳ ನಡುವೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ನಿಧಾನ ಒತ್ತಿಸಿ, ಐದೈದು ಮಿ.ಮೀ.ಗೊಮ್ಮೆ ನಿಲ್ಲಿಸಿ ಅಳತೆ ನೋಡಿ. ಮರಳಿಲ್ಲದೆ ಒತ್ತಿದರೆ ನಡು ಒಳಕ್ಕೆ ಗುಳಿ ಬಿದ್ದು ಪೈಪ್ ಕಡಲೆಕಾಯಿಯ ಆಕಾರಕ್ಕೆ ಬರುತ್ತದೆ. ಮಲ್ಪೆಯ ಮರಳು ಕೈಗೆ ಹತ್ತಿರ ಉಂಟೆಂದು ಅದನ್ನು ಬಳಸಬೇಡಿ. ಅದರಲ್ಲಿನ ಉಪ್ಪು ಪೈಪಿನ ಒಳಗೋಡೆಗೆ ಅಂಟಿದರೆ ಸ್ಟೇನ್‌ಲೆಸ್ಸನ್ನೂ ಚುಚ್ಚಿ ಚುಚ್ಚಿ ತಿನ್ನುತ್ತದೆ. ಹೊಳೆಮರಳು ತೊಳೆದು, ಬಾಣಲೆಯಲ್ಲಿ ಹುರಿದು ಒಣಗಿಸಿದ್ದಾಗಬೇಕು.

ಲೋಹದ ಆಯ್ಕೆಯಲ್ಲಿ ಕಡಲತಡಿಯವರು ಬೆಂಗಳೂರಿನವರ ಲೆಕ್ಕ ಹಿಡಿಯುವಂತಿಲ್ಲ. ಕಾರು ಕಂಪನಿಗಳು ಸೈಲೆನ್ಸರಿಗೆ ಬಳಸುವ 409 ದರ್ಜೆಯ ಸ್ಟೇನ್‌ಲೆಸ್ ಇಲ್ಲಿನ ಉಪ್ಪುಗಾಳಿಗೆ ಬೇಗ ಕೆಂಪಾಗುತ್ತದೆ. 304 ಗಟ್ಟಿಯಾಗಿ ಬಾಳುತ್ತದೆ, ಆದರೆ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ ಬರುತ್ತದೆ. ಸೈಡ್ ಪೈಪ್ ಕಣ್ಣಿಗೆ ಕಾಣುವ ವಸ್ತುವಾದ್ದರಿಂದ ಹೊರಗಿರುವಷ್ಟನ್ನು 316ಎಲ್‌ನಲ್ಲಿ, ಅಡಿಯಲ್ಲಿ ಅಡಗಿರುವುದನ್ನು 304ರಲ್ಲಿ ಮಾಡಿಸಿ. ಪೈಪಿಗೆ ಆಟೋಮೊಬೈಲ್ ಅಂಗಡಿ ಹುಡುಕುವುದು ಬೇಡ. ಹಾಲಿನ ಡೈರಿ, ಆಹಾರ ಕಾರ್ಖಾನೆಗಳ ಪೈಪ್‌ಲೈನಿಗೆ ಸಾಮಾನು ಕೊಡುವವರಲ್ಲಿ ಕೇಳಿ. ಎರಡು ಇಂಚಿನ ಡೈರಿ ಟ್ಯೂಬ್ ಹೊರ ಅಳತೆಯಲ್ಲಿ ನಿಮಗೆ ಬೇಕಾದ್ದೇ, ಗೋಡೆ ಒಂದೂವರೆ ಮಿ.ಮೀ. ಆಸುಪಾಸು, ಎರಡೂ ದರ್ಜೆಯಲ್ಲಿ ಸಿಗುತ್ತದೆ. ಅದಕ್ಕೆ ಸರಿಹೊಂದುವ 45 ಮತ್ತು 90 ಡಿಗ್ರಿಯ ಬೆಂಡುಗಳು ಸುಕ್ಕಿಲ್ಲದೆ ಸಿದ್ಧವಾಗಿಯೇ ಬರುತ್ತವೆ. ನೇರ ಟ್ಯೂಬ್ 3 ಮೀಟರ್, 45 ಡಿಗ್ರಿ ಬೆಂಡ್ ನಾಲ್ಕು, 90ರದ್ದು ಒಂದು ತಂದರೆ ಕತ್ತರಿಸುವಾಗ ಒಂದು ತಪ್ಪಿಗೂ ಜಾಗ ಇರುತ್ತದೆ. ಜೊತೆಗೆ 150 ಮಿ.ಮೀ. ಉದ್ದದ ಹೆಣಿಗೆಯ ಫ್ಲೆಕ್ಸ್ (ಬಾಗುವ ಪೈಪ್ ತುಂಡು) ಒಂದು, 2 ಇಂಚಿನ ವಿ-ಬ್ಯಾಂಡ್ ಕ್ಲಾಂಪ್ ಎರಡು.

ವೆಲ್ಡಿಂಗ್ ಟಿಐಜಿಯಲ್ಲೇ (ಆರ್ಗಾನ್ ಅನಿಲ ಬಿಟ್ಟು ಮಾಡುವ ವೆಲ್ಡಿಂಗ್) ಆಗಬೇಕು. 304ಕ್ಕೆ 308ಎಲ್ ರಾಡ್, 316ಎಲ್‌ಗೆ 316ಎಲ್ ರಾಡ್, ಸ್ಟೇನ್‌ಲೆಸ್ಸನ್ನು ಹಳೆಯ ಕಬ್ಬಿಣದ ಡೌನ್‌ಪೈಪಿಗೆ ಕೂಡಿಸುವಲ್ಲಿ 309ಎಲ್. ಬೈಕಂಪಾಡಿ, ಯೆಯ್ಯಾಡಿ, ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಸ್ಟೇನ್‌ಲೆಸ್ ಫ್ಯಾಬ್ರಿಕೇಶನ್ ವಿಚಾರಿಸಬಹುದು. ಕೆಲಸ ಒಪ್ಪಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: "ಪೈಪಿನ ಒಳಗೂ ಆರ್ಗಾನ್ ಬಿಡುತ್ತೀರಾ?" ಬಿಡದಿದ್ದರೆ ವೆಲ್ಡಿನ ಒಳಮೈ ಸುಟ್ಟ ಸಕ್ಕರೆಯಂತೆ ಗರಿಗರಿಯಾಗಿ ಕಪ್ಪಾಗುತ್ತದೆ, ಬಿರುಕು ಅಲ್ಲಿಂದಲೇ ಶುರು. ಎರಡೂ ತುದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಒಂದು ಕಡೆಯಿಂದ ನಿಮಿಷಕ್ಕೆ 5ರಿಂದ 8 ಲೀಟರ್ ಆರ್ಗಾನ್ ಬಿಟ್ಟು, ಇನ್ನೊಂದು ಕಡೆ ಸಣ್ಣ ತೂತು ಇಟ್ಟರೆ ಸಾಕು. ಗೇಟು, ಗ್ರಿಲ್ಲು ಉಜ್ಜಿದ ಗ್ರೈಂಡಿಂಗ್ ಚಕ್ರ, ಕಬ್ಬಿಣದ ಬ್ರಷ್ ಈ ಪೈಪಿಗೆ ತಾಗಲೇಬಾರದು. ಕಬ್ಬಿಣದ ಪುಡಿ ಕೂತ ಜಾಗದಲ್ಲೆಲ್ಲ ಒಂದೇ ಮಳೆಗಾಲದಲ್ಲಿ ತುಕ್ಕಿನ ಚುಕ್ಕೆ ಮೂಡುತ್ತದೆ. ವೆಲ್ಡಿನ ಸುತ್ತ ಬರುವ ನೀಲಿ-ಕಂದು ಬಣ್ಣವನ್ನು ಪಿಕ್ಲಿಂಗ್ ಪೇಸ್ಟಿನಿಂದ ತೆಗೆಸಿ, ಚೆನ್ನಾಗಿ ನೀರು ಹಾಯಿಸಿ. ಕಾರಿನ ಮೇಲೆ ಟ್ಯಾಕ್ (ತಾತ್ಕಾಲಿಕ ಚುಕ್ಕೆ ವೆಲ್ಡ್) ಹಾಕುವಾಗ ಬ್ಯಾಟರಿ ತಂತಿಯನ್ನೂ ಆಲ್ಟರ್ನೇಟರಿನ ಪ್ಲಗ್ಗನ್ನೂ ಕಳಚಿರಬೇಕು. ಪೂರ್ತಿ ವೆಲ್ಡಿಂಗ್ ಮಾತ್ರ ಮೇಜಿನ ಮೇಲೆ.

ಸದ್ದಿನ ವಿಷಯ. ಕಂಪನಿಯ ಪೈಪಿನಲ್ಲಿ ಎರಡು ಡಬ್ಬಿ ಇದ್ದವು, ಉದ್ದವೂ ಹೆಚ್ಚಿತ್ತು. ಈಗ ಹೊಗೆ ನಿಮ್ಮ ಪಕ್ಕದಲ್ಲಿ ಕೂತವರ ಮೊಣಕೈ ಬಳಿಯೇ ಹೊರಬರುತ್ತದೆ. ಗಾಜಿನ ಉಣ್ಣೆ ತುಂಬಿದ ನೇರ ಸೈಲೆನ್ಸರ್ ಒಂದನ್ನೇ ಹಾಕಿದರೆ ಕಿವಿಗೆ ಚುಚ್ಚುವ ಸದ್ದು ಹೋಗುತ್ತದೆ, ಎದೆ ಗುದ್ದುವ ಗುಂಯ್ ಉಳಿಯುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 100 ಸಲ ಸಿಡಿಯುತ್ತದೆ. ಅಷ್ಟು ತಗ್ಗಿದ ನಾದವನ್ನು ಉಣ್ಣೆ ಹೀರಲಾರದು. ನಿಮ್ಮ ಕಾರಿನಲ್ಲಿ ಮುಂದಿನ ಟೈರಿನಿಂದ ಹಿಂದಿನ ಟೈರಿಗೆ ಸುಮಾರು 1.7 ಮೀಟರ್ ಜಾಗ ಉಂಟು. ಅದನ್ನು ಪೂರ್ತಿ ಬಳಸಿಕೊಳ್ಳಿ: 90 ಮಿ.ಮೀ. ವ್ಯಾಸ, 900 ಮಿ.ಮೀ. ಉದ್ದದ ಒಂದೇ ಡಬ್ಬಿ, ಒಳಗೆ ಎರಡು ಭಾಗ. ಮುಂದಿನ 300 ಮಿ.ಮೀ.ಯಲ್ಲಿ ಅಡ್ಡಗೋಡೆ ಹಾಕಿದ ಖಾಲಿ ಕೋಣೆ, ಹಿಂದಿನ 600 ಮಿ.ಮೀ.ಯಲ್ಲಿ ತೂತು ಪೈಪಿನ ಸುತ್ತ ಮೊದಲು ಸ್ಟೇನ್‌ಲೆಸ್ ಜಾಲರಿ, ಮೇಲೆ ಬಸಾಲ್ಟ್ ಉಣ್ಣೆ. ಜಾಲರಿ ಬಿಟ್ಟರೆ ಉಣ್ಣೆ ತೂತುಗಳಲ್ಲಿ ಹಾರಿಹೋಗಿ ಒಂದೇ ವರ್ಷದಲ್ಲಿ ಡಬ್ಬಿ ಟೊಳ್ಳಾಗುತ್ತದೆ. ಹಿಂದಿನ ಮುಚ್ಚಳವನ್ನು ವೆಲ್ಡ್ ಮಾಡದೆ ಬೋಲ್ಟ್ ಮಾಡಿಸಿದರೆ ಮುಂದೆ ಉಣ್ಣೆ ಬದಲಿಸಬಹುದು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂಬುದು ನೆನಪಿರಲಿ. ಮಂಗಳೂರಿನ ಕಂಕನಾಡಿ, ಅತ್ತಾವರ ಕಡೆ ಹೋದರೆ ನೀವು ಹೆಚ್ಚು ಹೊತ್ತು ಅದರೊಳಗೇ ಇರುತ್ತೀರಿ.

ಪೈಪನ್ನು ಬಿಗಿಯಾಗಿ ಕಟ್ಟುವುದು ಈ ಕೆಲಸದಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಒಂದೂವರೆ ಮೀಟರ್ ಸ್ಟೇನ್‌ಲೆಸ್ ಪೈಪ್ 300 ಡಿಗ್ರಿ ಬಿಸಿಯೇರಿದರೆ ಏಳೂವರೆ ಮಿ.ಮೀ. ಉದ್ದವಾಗುತ್ತದೆ, ಕಬ್ಬಿಣಕ್ಕಿಂತ ಹೆಚ್ಚು. ಎರಡೂ ತುದಿ ಬಿಗಿದಿದ್ದರೆ ಬ್ರಾಕೆಟ್ ಬಾಗುತ್ತದೆ, ಇಲ್ಲವೆ ವೆಲ್ಡ್ ಸೀಳುತ್ತದೆ. ಗೇರ್‌ಬಾಕ್ಸಿನ ಬಳಿ ಕಂಪನಿ ಕೊಟ್ಟ ಬ್ರಾಕೆಟ್ಟಿನಲ್ಲಿ ಮೊದಲ ಹಿಡಿತ ಇರಲಿ. ಅದು ಎಂಜಿನಿನ ಜೊತೆ ಅಲುಗಾಡುವ ಭಾಗ. ಅದರ ನಂತರ ಫ್ಲೆಕ್ಸ್. ಆಮೇಲಿನದ್ದೆಲ್ಲ ಮೈಗೆ ತೂಗಬೇಕು. ಸಿಲ್ಲಿನ (ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ತೊಲೆ) ಕೆಳ ಅಂಚನ್ನು ಎರಡು 3 ಮಿ.ಮೀ. ಪಟ್ಟಿಗಳ ನಡುವೆ ರಬ್ಬರ್ ಇಟ್ಟು ಕಚ್ಚಿಸಿ ಮೂರು ಬ್ರಾಕೆಟ್ ಮಾಡಿ. ಮುಂದಿನದು ಪೈಪನ್ನು ಹಿಡಿಯಲಿ. ಹಿಂದಿನ ಎರಡರಲ್ಲಿ 15 ಮಿ.ಮೀ. ಉದ್ದದ ಸೀಳುತೂತು ಕೊರೆದು, ಎಂ8 ಬೋಲ್ಟಿಗೆ ಬುಷ್ ಹಾಕಿದರೆ ಪೈಪ್ ಹಿಂದಕ್ಕೆ ಜಾರಿ ತಣ್ಣಗಾದಾಗ ವಾಪಸು ಬರುತ್ತದೆ. ತೂಗುವ ರಬ್ಬರಿಗೆ ಮಾರುತಿ 800ರ ಸೈಲೆನ್ಸರ್ ರಬ್ಬರ್ ಧಾರಾಳ ಸಾಕು, ಎಲ್ಲೆಡೆ ಸಿಗುತ್ತದೆ. ಒಟ್ಟು ಭಾರ ಎಂಟೊಂಬತ್ತು ಕಿಲೋ ಮಾತ್ರ. ಆದರೆ ಸಿಲ್ಲಿನ ಅಂಚು ಒಳಗಿಂದ ತುಕ್ಕು ತಿಂದಿದ್ದರೆ ಆ ಭಾರವೂ ನಿಲ್ಲದು. ಸ್ಕ್ರೂಡ್ರೈವರ್ ಹಿಡಿಯಿಂದ ಉದ್ದಕ್ಕೂ ತಟ್ಟಿ ನೋಡಿ. ಮಂದ ಸದ್ದು ಬಂದಲ್ಲಿ ಮೊದಲು ಸಿಲ್ ಕೆಲಸ, ಆಮೇಲೆ ಪೈಪ್. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಸಿಲ್ಲೇ ಅದರ ಬೆನ್ನೆಲುಬು.

ಪೈಪಿಗೂ ಸಿಲ್ಲಿಗೂ ನಡುವೆ ಕನಿಷ್ಠ 25 ಮಿ.ಮೀ. ಅಂತರ ಬೇಕು. ಅದಕ್ಕಿಂತ ಕಡಿಮೆಯಾದರೆ ಬಣ್ಣ ಗುಳ್ಳೆ ಏಳುತ್ತದೆ, ಸಿಲ್ಲಿನೊಳಗಿನ ಮೇಣ ಕರಗಿ ಇಳಿಯುತ್ತದೆ, ಕೆಂಪುಮಣ್ಣು ಸಿಕ್ಕಿಕೊಂಡು ತೇವ ಹಿಡಿದಿಡುತ್ತದೆ. ಪೆಟ್ರೋಲ್ ಪೈಪಿನಿಂದ ನಿಯಮದ ಪ್ರಕಾರ 35 ಮಿ.ಮೀ. ದೂರ, ನೀವು 75 ಇಡಿ, ಬ್ರೇಕ್ ಪೈಪಿಗೂ ಅಷ್ಟೇ. ಇನ್ನೊಂದನ್ನು ಅನೇಕರು ಮರೆಯುತ್ತಾರೆ: ಎಸ್‌ಯು ಫ್ಲೋಟ್ ಬೌಲುಗಳಿಂದ ಇಳಿಯುವ ಸಪೂರ ಓವರ್‌ಫ್ಲೋ ಪೈಪುಗಳು ಎಡಗಡೆಯಲ್ಲೇ ಕೆಳಗೆ ಬಿಡುತ್ತವೆ. ನೀಡಲ್ ವಾಲ್ವಿಗೆ ಕಸ ಸಿಕ್ಕಿದ ದಿನ ಅಲ್ಲಿಂದ ಪೆಟ್ರೋಲ್ ಸುರಿಯುತ್ತದೆ. ಅವುಗಳ ತುದಿ ಹೊಸ ಪೈಪಿನ ಮೇಲೆ ಬಂದರೆ ಬೆಂಕಿ. ಪೈಪಿನ ದಾರಿ ನಿರ್ಧರಿಸುವ ಮೊದಲೇ ಅವುಗಳ ತುದಿ ಎಲ್ಲಿದೆ ಎಂದು ಗುರುತಿಸಿಕೊಂಡು, ಬೇಕಿದ್ದರೆ ದೂರಕ್ಕೆ ತಿರುಗಿಸಿ.

ಹೊರಗಿನ ಡಬ್ಬಿಯ ಮೈ ಓಡಿದ ಮೇಲೆ 200 ಡಿಗ್ರಿ ದಾಟಬಹುದು. ಚರ್ಮ ಸುಡಲು 70 ಡಿಗ್ರಿಗೆ ಒಂದು ಕ್ಷಣ ಸಾಕು. ಎಡಬಾಗಿಲಿನಲ್ಲಿ ಇಳಿಯುವವರು ಕಾಲು ಹೊರಗಿಟ್ಟೊಡನೆ ಮೀನಖಂಡ ಸರಿಯಾಗಿ ಅಲ್ಲಿಗೇ ಬರುತ್ತದೆ. ಸೀರೆ, ಪಂಚೆ, ಮಕ್ಕಳ ಬರಿಗಾಲು ಎಲ್ಲವನ್ನೂ ಯೋಚಿಸಬೇಕು. 1 ಮಿ.ಮೀ. ದಪ್ಪದ, ತೂತುಗಳಿರುವ ಸ್ಟೇನ್‌ಲೆಸ್ ತಗಡನ್ನು ಅರ್ಧಚಂದ್ರಾಕಾರ ಬಾಗಿಸಿ, ಡಬ್ಬಿಯಿಂದ 15 ಮಿ.ಮೀ. ದೂರಕ್ಕೆ ನಿಲ್ಲಿಸಿ ಕವಚ ಮಾಡಿಸಿ. ಕವಚದ ಕಾಲು ಡಬ್ಬಿಗೆ ತಾಗುವ ಜಾಗ ಚಿಕ್ಕದಾದಷ್ಟೂ ಒಳ್ಳೆಯದು. ಮೇಲಿನ ಭಾಗ ತೆರೆದಿದ್ದರೆ ಬಿಸಿಗಾಳಿ ಸಿಲ್ಲಿಗೆ ಬಡಿಯುತ್ತದೆ, ಅಲ್ಲಿಗೆ ಇನ್ನೊಂದು ಸಾದಾ ತಗಡು.

ಬಾಯಿ ಎಲ್ಲಿರಬೇಕು? ಬಾಗಿಲಿನ ಹಿಂದಿನ ಅಂಚು ದಾಟಿ, ಹಿಂಚಕ್ರದ ಕಮಾನಿಗೆ ಮುಂಚೆ. ಪೂರ್ತಿ ನೇರ ಹಿಂದಕ್ಕೆ ಬಿಟ್ಟರೆ ಬಿಸಿ ಟೈರಿನ ಮೈಗೆ ಹೊಡೆಯುತ್ತದೆ. ಆದ್ದರಿಂದ 15 ಡಿಗ್ರಿಯಷ್ಟು ಮಾತ್ರ ಹೊರಕ್ಕೆ ವಾಲಲಿ. 300 ಮಿ.ಮೀ. ಸಾಗುವಷ್ಟರಲ್ಲಿ ಹೊಗೆ 80 ಮಿ.ಮೀ. ಹೊರಗೆ ಸರಿದಿರುತ್ತದೆ, ದಿಕ್ಕು ಹಿಂದಕ್ಕೇ ಉಳಿಯುತ್ತದೆ. ಈ 15 ಡಿಗ್ರಿಯನ್ನು ನಿರೀಕ್ಷಕರಿಗೆ ತೋರಿಸುವ ಚಿತ್ರದಲ್ಲೂ ಕಾಣಿಸಿ.

ಜೋಡಿಸಿದ ಮೇಲೆ ಸೋರಿಕೆ ನೋಡಿ. ಬಾಯಿಗೆ ಬ್ಲೋವರ್ ಹಿಡಿದು ಪ್ರತಿ ಕೂಡಿಕೆಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದಲ್ಲಿ ಸರಿಪಡಿಸಿ. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಸಿಡಿದರೆ ಅದು ಶೋಕಿಯ ಸದ್ದಲ್ಲ, ಮುಂದಿನ ಕೂಡಿಕೆಯಲ್ಲಿ ಗಾಳಿ ನುಗ್ಗುತ್ತಿದೆ ಎಂದು ಅರ್ಥ. ಆಮೇಲೆ ಕಾರ್ಬ್ಯುರೇಟರ್. ಹೊಗೆದಾರಿ ಸಲೀಸಾದರೆ ಮಿಶ್ರಣ ತೆಳ್ಳಗಾಗುವ ಸಂಭವ ಹೆಚ್ಚು. ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲ್ ಮೊದಲೇ ಅದನ್ನು ತೆಳ್ಳಗೆ ಮಾಡಿರುತ್ತದೆ. ಎಂಜಿನ್ ಬಿಸಿಯಾದ ಮೇಲೆ ಒಂದು ಕಾರ್ಬ್ಯುರೇಟರಿನ ಪಿಸ್ಟನ್ನನ್ನು ಎತ್ತುಪಿನ್ನಿನಿಂದ ಒಂದು ಮಿ.ಮೀ.ಗಿಂತ ಕಡಿಮೆ ಎತ್ತಿ ಕಿವಿಗೊಡಿ. ಓಟ ಒಂದು ಕ್ಷಣ ಏರಿ ಮೊದಲಿನಂತಾದರೆ ಸರಿ. ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ಕುಸಿದರೆ ಕಡಿಮೆ, ಜೆಟ್ಟಿನ ಅಡಿಯ ನಟ್ಟನ್ನು ಒಂದು ಮುಖದಷ್ಟು ಕೆಳಕ್ಕೆ ತಿರುಗಿಸಿ, ಇನ್ನೊಂದರಲ್ಲೂ ಅಷ್ಟೇ ಮಾಡಿ ಮತ್ತೆ ನೋಡಿ. ಹೊಗೆ ತಪಾಸಣೆಯಲ್ಲಿ ನಿಮ್ಮ ಕಾಲದ ಕಾರಿಗೆ ಐಡ್ಲಿಂಗಿನಲ್ಲಿ ಇಂಗಾಲದ ಮಾನಾಕ್ಸೈಡ್ ಮಿತಿ ಶೇ. 3.

ಆ ಅನಿಲದ ಬಗ್ಗೆ ಇನ್ನೊಂದು ಪರೀಕ್ಷೆ ಬಿಡುವಂತೆಯೇ ಇಲ್ಲ. ಹುಡ್ (ಮಡಚುವ ಮೇಲ್ಛಾವಣಿ) ಮುಚ್ಚಿ, ಬಾಗಿಲು ಹಾಕಿ, ಎಡಸೀಟಿನ ಕಾಲಡಿಯಲ್ಲಿ ಬ್ಯಾಟರಿಯ ಮಾನಾಕ್ಸೈಡ್ ಅಲಾರ್ಮ್ ಇಟ್ಟು, ನೀವು ಹೊರಗೆ ನಿಂತು ಎಂಜಿನನ್ನು ಬಯಲಲ್ಲಿ 20 ನಿಮಿಷ ಐಡ್ಲಿಂಗ್ ಬಿಡಿ. 30 ಪಿಪಿಎಂ ದಾಟಿ ನಿಂತರೆ ನೆಲದ ರಬ್ಬರ್ ಬೂಚುಗಳು, ಬಾಗಿಲಿನ ಸೀಲು ಸರಿಮಾಡುವವರೆಗೆ ಆಟಿಯ ಮಳೆಯಲ್ಲಿ ಹುಡ್ ಹಾಕಿಕೊಂಡು ಓಡಿಸಬೇಡಿ.

ಮೊದಲ ಓಟದಲ್ಲಿ ಇಬ್ಬರು ಕೂತು, ಟ್ಯಾಂಕ್ ತುಂಬಿಸಿ, ಹತ್ತಿರದ ಹಂಪುಗಳ ಮೇಲೆ ನಿಧಾನ ಹೋಗಿ. ಅಂಡಾಕಾರದ ಭಾಗದ ಅಡಿಗೆ ಸೀಮೆಸುಣ್ಣ ಬಳಿದಿದ್ದರೆ ಎಲ್ಲಿ ಉಜ್ಜಿತೆಂದು ಗೊತ್ತಾಗುತ್ತದೆ. ಕಾರು ಬಲಕ್ಕೆ ತಿರುಗಿದಾಗ ಮೈ ಎಡಕ್ಕೆ ವಾಲಿ ಪೈಪ್ ಇನ್ನಷ್ಟು ಕೆಳಗಿಳಿಯುತ್ತದೆ. ಆಗುಂಬೆ ಘಾಟಿಯ ಹಿಮ್ಮುರಿ ತಿರುವಿಗೆ ಒಯ್ಯುವ ಮೊದಲು ಖಾಲಿ ಮೈದಾನದಲ್ಲಿ ಬಲಸುತ್ತು ಹೊಡೆದು ನೋಡಿ. 100 ಕಿ.ಮೀ. ಆದ ಮೇಲೆ, ಎಂಜಿನ್ ತಣ್ಣಗಿದ್ದಾಗ, ಕ್ಲಾಂಪುಗಳನ್ನೂ ಮ್ಯಾನಿಫೋಲ್ಡ್ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿಯಿರಿ. ಮ್ಯಾನಿಫೋಲ್ಡಿಗೆ 20 ನ್ಯೂಟನ್ ಮೀಟರ್. ಎಡ ಸಿಲ್ಲಿನಲ್ಲಿ ಜಾಕ್ ಕೊಡುವ ಜಾಗ ಇನ್ನು ಪೈಪಿನ ಹಿಂದೆ ಅಡಗುತ್ತದೆ, ಆದ್ದರಿಂದ ಡಿಕ್ಕಿಯಲ್ಲಿ ಚಿಕ್ಕ ಟ್ರಾಲಿ ಜಾಕ್ ಇಟ್ಟುಕೊಳ್ಳಿ.

ಡಬ್ಬಿಯ ಅತಿ ತಗ್ಗಿನಲ್ಲಿ 3 ಮಿ.ಮೀ. ತೂತು ಒಂದಿರಲಿ, ಒಳಗೆ ನಿಲ್ಲುವ ನೀರು ಅಲ್ಲಿಂದ ಇಳಿಯುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಪಣಂಬೂರು, ಮಲ್ಪೆ ಕಡೆ ಹೋಗಿಬಂದ ದಿನ ತಪ್ಪದೆ, ಪೈಪ್ ತಣಿದ ಮೇಲೆ ಕವಚದ ಒಳಗೂ ಸಿಲ್ಲಿನ ಸಂದಿಗೂ ಸಿಹಿನೀರು ಹಾಯಿಸಿ. ಕಳಚಿದ ಹಳೆಯ ಬ್ರಾಕೆಟ್, ಹ್ಯಾಂಗರ್, ಅರ್ಧ ಉಳಿದ ಪೈಪ್ ಯಾವುದನ್ನೂ ಗುಜರಿಗೆ ಕೊಡಬೇಡಿ. ಎಣ್ಣೆ ಸವರಿ, ಚೀಟಿ ಕಟ್ಟಿ, ಅಟ್ಟದಲ್ಲಿಡಿ. ಮೂಲರೂಪಕ್ಕೆ ಮರಳಬೇಕಾದಾಗ ಅಳತೆ ತೆಗೆಯಲು ಆ ತುಕ್ಕು ತುಂಡೇ ಬೇಕಾಗುತ್ತದೆ.